ನಾಯಿ, ಬೆಕ್ಕಿನ ಆಹಾರದ ಲೇಬಲ್ ಓದುವುದು ಹೇಗೆ? ಪ್ರೊಟೀನ್ ಲೆಕ್ಕದ ಸಮಗ್ರ ಮಾರ್ಗದರ್ಶಿ

ನಮ್ಮನೆ ಕೆಂಚಿ ಬೀದಿಯಿಂದ ಬಂದ ಮರಿ. ಈಗ ಬೆಳೆದು 18 ಕೆಜಿ ತೂಗುತ್ತಾಳೆ. ಅವಳಿಗೆ ಒಂದು ವರ್ಷ ತುಂಬಿದಾಗ ಊಟ ಬದಲಿಸೋಣ ಅಂತ ಅಂಗಡಿಗೆ ಹೋಗಿದ್ದೆ. ಒಂದು ಕೈಯಲ್ಲಿ ಡ್ರೈ ಫುಡ್ ಚೀಲ. ಅದರ ಹಿಂದೆ ಕ್ರೂಡ್ ಪ್ರೊಟೀನ್ 22% ಅಂತಿತ್ತು. ಇನ್ನೊಂದು ಕೈಯಲ್ಲಿ ಗ್ರೇವಿ ಪೌಚ್. ಅದರಲ್ಲಿ 8%. ಅಂಗಡಿಯವರು ನೋಡಿದವರೇ, “ಗ್ರೇವೀಲಿ ಏನಿದೆ ಮೇಡಂ, ಬರೀ ಎಂಟು. ಚೀಲಾನೇ ತಗೊಳ್ಳಿ” ಅಂದರು. 22 ದೊಡ್ಡದು, 8 ಚಿಕ್ಕದು. ನಾನೂ ಹೂಂ ಅಂದೆ.

ಆ ಹೋಲಿಕೆಯೇ ತಪ್ಪು ಅಂತ ಗೊತ್ತಾಗಿದ್ದು ಆಮೇಲೆ. ಪೌಚಿನ ತುಂಬ ನೀರು. ನೀರು ತೆಗೆದು ನೋಡಿದರೆ ಅದರಲ್ಲಿ ಪ್ರೊಟೀನ್ 44%. ಚೀಲದಲ್ಲಿ 25%. ಹಾಗಾದರೆ ಪೌಚನ್ನೇ ತರಬೇಕಿತ್ತಾ? ಅದಕ್ಕೂ ಉತ್ತರ ಹೌದು ಅಂತ ಅಲ್ಲ. ದಿನಕ್ಕೆ ಅಂಥ ಎಷ್ಟು ಪೌಚ್ ಬೇಕು ಅಂತ ಲೆಕ್ಕ ಹಾಕಿದಾಗ ಇನ್ನೊಂದು ವಿಷಯ ಹೊರಬಂತು. ಅದನ್ನೆಲ್ಲ ಇಲ್ಲಿ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ. ಲೇಬಲ್ ಮೇಲಿರುವ ಪ್ರೊಟೀನ್ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಅದರ ಪಕ್ಕದಲ್ಲಿರುವ ನೀರಿನ ಅಂಕಿ, ಕ್ಯಾಲೊರಿ, ಇನ್ನೊಂದು ಚಿಕ್ಕ ಸಾಲು, ಇಷ್ಟನ್ನೂ ಸೇರಿಸಿ ಓದಬೇಕು.

ಬೇಕಾದದ್ದು ಮೂರೇ ಸಾಮಾನು. ಮೊಬೈಲ್ ಕ್ಯಾಮೆರಾ, ಕ್ಯಾಲ್ಕುಲೇಟರ್, ಅಡುಗೆಮನೆಯ ತಕ್ಕಡಿ. ಅಕ್ಷರ ತುಂಬ ಸಣ್ಣದಿರುತ್ತದೆ. ಫೋಟೊ ತೆಗೆದು ದೊಡ್ಡದು ಮಾಡಿಕೊಂಡು ಓದಿ.

ಹೆಜ್ಜೆ 1: ಚೀಲ ತಿರುಗಿಸಿ

ಮುಂಭಾಗ ಜಾಹೀರಾತು. ಹೊಳೆಯುವ ಕೋಳಿ ತುಂಡು, ಕ್ಯಾರೆಟ್ಟು, ಬಟಾಣಿ. ಅದರಿಂದ ಒಳಗೆ ಎಷ್ಟಿದೆ ಅಂತ ತಿಳಿಯುವುದಿಲ್ಲ. ಆದರೆ ಹೆಸರಿನ ಪದಗಳನ್ನು ಮಾತ್ರ ಒಮ್ಮೆ ಗಮನಿಸಿ. ಅಮೆರಿಕದಲ್ಲಿ ಪಶು ಆಹಾರದ ಮಾದರಿ ನಿಯಮಗಳನ್ನು ಬರೆಯುವ ಸಂಸ್ಥೆ ಎಎಎಫ್‌ಸಿಒ. ಎಲ್ಲರೂ ‘ಆಫ್ಕೋ’ ಅಂತಾರೆ. 1909ರಲ್ಲಿ ಶುರುವಾದದ್ದು. ಅದರ ನಿಯಮದಂತೆ ಹೆಸರೇ ‘ಚಿಕನ್ ಡಾಗ್ ಫುಡ್’ ಅಂತಿದ್ದರೆ ತಯಾರಿಸುವಾಗ ಬೆರೆಸಿದ ನೀರು ಬಿಟ್ಟು ಉಳಿದದ್ದರಲ್ಲಿ 95% ಚಿಕನ್ ಇರಬೇಕು. ‘ಚಿಕನ್ ಡಿನ್ನರ್’ ಅಂದರೆ 25% ಸಾಕು. ‘ವಿತ್ ಚಿಕನ್’ ಅಂದರೆ ಬರೀ 3%. ‘ಚಿಕನ್ ಫ್ಲೇವರ್’ ಅಂದರೆ ರುಚಿ ಗೊತ್ತಾಗುವಷ್ಟಿದ್ದರೆ ಆಯಿತು. ಯುರೋಪಿನಲ್ಲಿ ‘ವಿತ್’ ಅನ್ನುವ ಪದಕ್ಕೆ 4% ಬೇಕು. ನಮ್ಮ ಅಂಗಡಿಗೆ ಬರುವ ಎಲ್ಲ ಚೀಲಕ್ಕೂ ಈ ನಿಯಮ ಅನ್ವಯಿಸುತ್ತದೆ ಅಂತ ತಿಳಿಯಬೇಡಿ. ಆದರೂ ‘ವಿತ್’ ಮತ್ತು ‘ಫ್ಲೇವರ್’ ಕಂಡರೆ ಮಾಂಸ ಕಡಿಮೆ ಅಂತಲೇ ಎಣಿಸಿ ಮುಂದೆ ಹೋಗುವುದು ಒಳ್ಳೆಯದು.

ಹೆಜ್ಜೆ 2: ‘ಕಂಪ್ಲೀಟ್’ ಅನ್ನುವ ಸಾಲು ಹುಡುಕಿ

ಪ್ರೊಟೀನ್‌ಗೂ ಮೊದಲು ಇದನ್ನು ಹುಡುಕಿ. ನನ್ನ ಮಟ್ಟಿಗೆ ಇಡೀ ಚೀಲದಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ. ಸಾಮಾನ್ಯವಾಗಿ ಹಿಂಬದಿಯಲ್ಲಿ, ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿರುತ್ತದೆ.

‘ಕಂಪ್ಲೀಟ್ ಆಂಡ್ ಬ್ಯಾಲೆನ್ಸ್ಡ್’ ಅಂತಿದ್ದರೆ, ಅದೊಂದನ್ನೇ ತಿಂದರೂ ಪ್ರಾಣಿಗೆ ಬೇಕಾದ ಪೋಷಣೆ ಎಲ್ಲ ಸಿಗುತ್ತದೆ ಅಂತ ತಯಾರಕರು ಹೇಳುತ್ತಿದ್ದಾರೆ. ‘ಕಾಂಪ್ಲಿಮೆಂಟರಿ’ ಅಥವಾ ‘ಸಪ್ಲಿಮೆಂಟಲ್ ಫೀಡಿಂಗ್ ಓನ್ಲಿ’ ಅಂತಿದ್ದರೆ ಅದು ಊಟದ ಜೊತೆಗೆ ಕೊಡುವಂಥದ್ದು. ನಮ್ಮ ಊಟದಲ್ಲಿ ಹಪ್ಪಳ ಇದ್ದ ಹಾಗೆ. ಎಷ್ಟೋ ಗ್ರೇವಿ ಪೌಚುಗಳು, ಟ್ರೀಟುಗಳು, ಕ್ರೀಮ್ ಟ್ಯೂಬುಗಳು ಈ ಎರಡನೇ ಗುಂಪಿನವು. ಪ್ರೊಟೀನ್ ಎಷ್ಟೇ ಇರಲಿ, ಮೂರು ಹೊತ್ತೂ ಅದನ್ನೇ ಹಾಕಿದರೆ ಕ್ಯಾಲ್ಸಿಯಂ, ಸತು, ವಿಟಮಿನ್ನು ಒಂದೊಂದಾಗಿ ಕೊರತೆಯಾಗುತ್ತವೆ. ಇಂಥವೆಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ 10% ದಾಟಬಾರದು.

ಅದೇ ಸಾಲಿನಲ್ಲಿ ವಯಸ್ಸೂ ಇರುತ್ತದೆ. ‘ಗ್ರೋತ್’ ಅಂದರೆ ಮರಿಗಳಿಗೆ. ‘ಮೇಂಟೆನೆನ್ಸ್’ ಅಂದರೆ ಬೆಳೆದ ಪ್ರಾಣಿಗೆ. ‘ಆಲ್ ಲೈಫ್ ಸ್ಟೇಜಸ್’ ಅಂದರೆ ಎಲ್ಲ ವಯಸ್ಸಿಗೆ. ಬೆಳೆದ ನಾಯಿಯ ಆಹಾರವನ್ನು ಮರಿಗೆ ಹಾಕಬೇಡಿ. ಮರಿಗೆ ಅದು ಸಾಲುವುದಿಲ್ಲ.

ದೊಡ್ಡ ಜಾತಿಯ ಮರಿ ಸಾಕುವವರು ಇನ್ನೊಂದು ಪದ ಹುಡುಕಬೇಕು. ಬೆಳೆದಾಗ 70 ಪೌಂಡ್, ಅಂದರೆ ಸುಮಾರು 32 ಕೆಜಿ ದಾಟುವ ನಾಯಿಗಳ ಮರಿಗೂ ಸರಿಹೊಂದುತ್ತದೆ ಅಂತ ಬರೆದಿರಬೇಕು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಗಂಡುಗಳು ಇಲ್ಲಿಗೆ ಬರುತ್ತವೆ. ನಮ್ಮ ಮುಧೋಳ ನಾಯಿ ಎತ್ತರವಿದ್ದರೂ ತೂಕದಲ್ಲಿ ಸಾಮಾನ್ಯವಾಗಿ ಈ ಗುಂಪಿಗೆ ಬರುವುದಿಲ್ಲ. ಇಂಥ ಮರಿಗಳಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಮೂಳೆ ಬೆಳವಣಿಗೆ ಕೆಡುತ್ತದೆ. ಅದಕ್ಕೇ ಅವುಗಳ ಆಹಾರದಲ್ಲಿ ನೀರು ಬಿಟ್ಟ ಲೆಕ್ಕದಲ್ಲಿ ಕ್ಯಾಲ್ಸಿಯಂ 1.8% ದಾಟಬಾರದು ಅಂತ ಆಫ್ಕೋ ಗೆರೆ ಎಳೆದಿದೆ. ನಮ್ಮ ಕಡೆ ಕಂಪ್ಲೀಟ್ ಪಪ್ಪಿ ಫುಡ್ ಹಾಕುತ್ತಲೇ, ಕಾಲು ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಸಿರಪ್ಪನ್ನೂ ಕುಡಿಸುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಡಾಕ್ಟರ್ ನೋಡಿ ಬರೆದುಕೊಟ್ಟರೆ ಮಾತ್ರ ಕೊಡಿ.

ಇನ್ನೊಂದು ವಿಷಯ. ಆಫ್ಕೋ ಯಾವ ಆಹಾರವನ್ನೂ ಪರೀಕ್ಷೆ ಮಾಡುವುದಿಲ್ಲ, ಒಪ್ಪಿಗೆಯ ಮುದ್ರೆ ಒತ್ತುವುದಿಲ್ಲ. ‘ಆಫ್ಕೋ ಅಪ್ರೂವ್ಡ್’ ಅಂತ ಯಾರಾದರೂ ಹಾಕಿಕೊಂಡಿದ್ದರೆ ಅದನ್ನು ನಂಬುವ ಹಾಗಿಲ್ಲ. ‘ಆಫ್ಕೋ ಪಟ್ಟಿಯ ಮಟ್ಟಕ್ಕೆ ತಕ್ಕಂತೆ ತಯಾರಿಸಿದ್ದು’ ಅನ್ನುವುದು ಸರಿಯಾದ ಮಾತು. ‘ಪ್ರಾಣಿಗಳಿಗೆ ತಿನ್ನಿಸಿ ಪರೀಕ್ಷಿಸಿದ್ದು’ ಅನ್ನುವುದು ಇನ್ನೊಂದು ಬಗೆಯ ಮಾತು. ಯುರೋಪಿನ ಚೀಲಗಳಲ್ಲಿ ಆಫ್ಕೋ ಬದಲು ‘ಫೆಡಿಯಾಫ್’ ಅಂತ ಇರಬಹುದು. ಅದು ಅಲ್ಲಿನ ಸಾಕುಪ್ರಾಣಿ ಆಹಾರ ತಯಾರಕರ ಒಕ್ಕೂಟ. ಎರಡೂ ಒಂದೇ ರೀತಿಯ ಕೆಲಸಕ್ಕೆ ಬರುತ್ತವೆ.

ನಮ್ಮ ದೇಶದ ಮಾತಿಗೆ ಬಂದರೆ, 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಆಹಾರ’ ಅಂದರೆ ಮನುಷ್ಯರು ತಿನ್ನುವಂಥದ್ದು. ಪಶು ಆಹಾರವನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ಬಿಸ್ಕತ್ತಿನ ಪೊಟ್ಟಣದ ಹಿಂದೆ ಇರುವಂಥ ಪೋಷಕಾಂಶದ ಪಟ್ಟಿ ನಾಯಿ ಆಹಾರದ ಮೇಲೆ ಇರಲೇಬೇಕು ಅಂತ ಆ ಕಾಯ್ದೆ ಹೇಳುವುದಿಲ್ಲ. ತೂಕ, ಬೆಲೆ, ತಯಾರಕರ ವಿಳಾಸ, ಗ್ರಾಹಕರು ಕರೆ ಮಾಡುವ ನಂಬರ್ ಮಾತ್ರ ಎಲ್ಲ ಪೊಟ್ಟಣದ ಸಾಮಾನಿನ ಹಾಗೆ ಇದರಲ್ಲೂ ಇರಬೇಕು. ಆ ನಂಬರ್ ಕೊನೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 3: ನಾಲ್ಕು ಅಂಕಿ ಬರೆದುಕೊಳ್ಳಿ

‘ಗ್ಯಾರಂಟೀಡ್ ಅನಾಲಿಸಿಸ್’ ಅನ್ನುವ ಪುಟ್ಟ ಪಟ್ಟಿ ಇರುತ್ತದೆ. ಪ್ರೊಟೀನ್, ಕೊಬ್ಬು, ನಾರು, ತೇವಾಂಶ. ಕೆಲವರು ಬೂದಿಯನ್ನೂ ಬರೆಯುತ್ತಾರೆ. ಬೂದಿ ಅಂದರೆ ಆಹಾರವನ್ನು ಪೂರ್ತಿ ಸುಟ್ಟಾಗ ಉಳಿಯುವ ಖನಿಜ. ಒಳಗೆ ಯಾರೂ ಬೂದಿ ಬೆರೆಸಿರುವುದಿಲ್ಲ. ಮೂಳೆ ಪುಡಿ ಜಾಸ್ತಿ ಇದ್ದರೆ ಈ ಅಂಕಿ ಏರುತ್ತದೆ.

ಪ್ರೊಟೀನ್, ಕೊಬ್ಬಿನ ಮುಂದೆ ‘ಮಿನಿಮಮ್’ ಅಂತಿರುತ್ತದೆ. ನಾರು, ತೇವಾಂಶದ ಮುಂದೆ ‘ಮ್ಯಾಕ್ಸಿಮಮ್’. ಅಂದರೆ 22% ಅಂತಿದ್ದರೆ 22ಕ್ಕಿಂತ ಕಡಿಮೆ ಇಲ್ಲ ಅಂತ ಭರವಸೆ ಅಷ್ಟೇ. ಒಳಗೆ 24 ಇದ್ದರೂ ಇರಬಹುದು.

ಈಗ ‘ಕ್ರೂಡ್’ ಅನ್ನುವ ಪದ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಲ್ಯಾಬಿನಲ್ಲಿ ಪ್ರೊಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಎಷ್ಟಿದೆ ಅಂತ ಅಳೆಯುತ್ತಾರೆ. ಪ್ರೊಟೀನಿನ ತೂಕದಲ್ಲಿ ಸುಮಾರು 16% ಸಾರಜನಕ ಇರುತ್ತದೆ. ಹಾಗಾಗಿ ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿ ‘ಇಷ್ಟು ಪ್ರೊಟೀನ್’ ಅಂತ ಬರೆಯುತ್ತಾರೆ. ಈ ವಿಧಾನವನ್ನು 1883ರಲ್ಲಿ ಕೊಟ್ಟವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್. ಇವತ್ತಿಗೂ ಬಳಕೆಯಲ್ಲಿದೆ. ಆದರೆ ಆ ಸಾರಜನಕ ಎಲ್ಲಿಂದ ಬಂತು ಅಂತ ಈ ಲೆಕ್ಕ ಕೇಳುವುದಿಲ್ಲ. ಕೋಳಿಯ ಎದೆ ಮಾಂಸವೂ ಪ್ರೊಟೀನ್, ಕೋಳಿಯ ಪುಕ್ಕವೂ ಪ್ರೊಟೀನ್. ಪುಕ್ಕ ಹಾಗೇ ಕೊಟ್ಟರೆ ನಾಯಿಗೆ ಜೀರ್ಣವಾಗುವುದಿಲ್ಲ. ಕಾಗದದ ಮೇಲೆ ಮಾತ್ರ ಎರಡೂ ಒಂದೇ.

ಈ ಸಂದಿಯಲ್ಲಿ ಮೋಸ ನುಗ್ಗಿದ್ದು 2007ರಲ್ಲಿ. ಅಮೆರಿಕದಲ್ಲಿ ನಾಯಿ, ಬೆಕ್ಕುಗಳು ಇದ್ದಕ್ಕಿದ್ದಂತೆ ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಮಾರ್ಚ್ ತಿಂಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಆಹಾರ ವಾಪಸ್ ತೆಗೆದುಕೊಂಡರು. ಚೀನಾದಿಂದ ‘ಗೋಧಿ ಗ್ಲುಟೆನ್’ ಅಂತ ಬಂದಿದ್ದ ಸರಕಿನಲ್ಲಿ ಮೆಲಮಿನ್ ಬೆರೆಸಿದ್ದರು. ಪ್ಲಾಸ್ಟಿಕ್ ತಟ್ಟೆ ಮಾಡಲು ಬಳಸುವ ರಾಸಾಯನಿಕ ಅದು. ಅದರ ತೂಕದ ಮೂರನೇ ಎರಡು ಭಾಗ ಸಾರಜನಕ. 6.25ರಿಂದ ಗುಣಿಸಿ ನೋಡಿ. ಒಂದು ಗ್ರಾಂ ಮೆಲಮಿನ್ ಹಾಕಿದರೆ ಪರೀಕ್ಷೆಯಲ್ಲಿ ನಾಲ್ಕು ಗ್ರಾಂಗೂ ಜಾಸ್ತಿ ‘ಪ್ರೊಟೀನ್’ ಕಾಣಿಸುತ್ತದೆ. ಮೆಲಮಿನ್ ಜೊತೆಗಿದ್ದ ಸಯನ್ಯೂರಿಕ್ ಆಮ್ಲ ಸೇರಿ ಪ್ರಾಣಿಗಳ ಮೂತ್ರಪಿಂಡದಲ್ಲಿ ಹರಳುಗಟ್ಟಿತು. ಮರುವರ್ಷ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಯಲ್ಲೂ ಇದೇ ಮೆಲಮಿನ್ ಸಿಕ್ಕಿತು. ಪ್ರತಿ ಚೀಲದಲ್ಲೂ ವಿಷ ಇದೆ ಅಂತ ಹೆದರಿಸಲು ಇದನ್ನು ಹೇಳುತ್ತಿಲ್ಲ. 22 ಅನ್ನುವ ಅಂಕಿ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಅದನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ, ಅಲ್ವಾ?

ಹೆಜ್ಜೆ 4: ನೀರು ತೆಗೆದು ನೋಡಿ

ಅಂಗಡಿಯಲ್ಲಿ ನಾನು ಎಡವಿದ್ದು ಇಲ್ಲೇ. ಲೆಕ್ಕ ಸುಲಭ. ನೂರರಿಂದ ತೇವಾಂಶ ಕಳೆಯಿರಿ. ಉಳಿದದ್ದು ಒಣ ಭಾಗ. ಪ್ರೊಟೀನನ್ನು ಅದರಿಂದ ಭಾಗಿಸಿ, ನೂರರಿಂದ ಗುಣಿಸಿ.

ಚೀಲ: ತೇವಾಂಶ 12, ಒಣ ಭಾಗ 88. 22 ಭಾಗಿಸು 88, ಗುಣಿಸು 100. ಬಂದದ್ದು 25%.

ಪೌಚ್: ತೇವಾಂಶ 82, ಒಣ ಭಾಗ 18. 8 ಭಾಗಿಸು 18, ಗುಣಿಸು 100. ಬಂದದ್ದು 44%.

ಈಗ ಇವೆರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬಹುದು. ಆಫ್ಕೋ ಪ್ರಕಾರ ಬೆಳೆದ ನಾಯಿಗೆ ಒಣ ಲೆಕ್ಕದಲ್ಲಿ ಕನಿಷ್ಠ 18%, ಮರಿಗೆ ಮತ್ತು ಗಬ್ಬದ, ಹಾಲುಣಿಸುವ ನಾಯಿಗೆ 22.5% ಬೇಕು. ಬೆಕ್ಕಿಗೆ ಬೆಳೆದಾಗ 26%, ಮರಿಯಿದ್ದಾಗ 30%. ಇದು ಕನಿಷ್ಠ ಗೆರೆ. ಒಳ್ಳೆಯ ಆಹಾರಗಳು ಸಾಮಾನ್ಯವಾಗಿ ಇದಕ್ಕಿಂತ ಮೇಲೆಯೇ ಇರುತ್ತವೆ.

ಯುರೋಪಿನ ಚೀಲದಲ್ಲಿ ತೇವಾಂಶ 14% ದಾಟದಿದ್ದರೆ ಅದನ್ನು ಬರೆಯಲೇಬೇಕು ಅಂತಿಲ್ಲ. ಅಲ್ಲಿರುವವರು ಡ್ರೈ ಫುಡ್‌ಗೆ 8ರಿಂದ 10 ಅಂತ ಹಿಡಿದು ಲೆಕ್ಕ ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಸಿಗುವ ಆಮದು ಚೀಲಗಳ ಮೇಲೆ ಇಲ್ಲಿನ ಬೆಲೆಯ ಸ್ಟಿಕರ್ ಅಂಟಿಸಿರುತ್ತಾರೆ. ಕೆಲವು ಸಲ ಬೇಕಾದ ಸಾಲೇ ಅದರ ಕೆಳಗೆ ಮುಚ್ಚಿಹೋಗಿರುತ್ತದೆ. ಆಗ ಅದೇ ಚೀಲದ ಇನ್ನೊಂದು ಸೈಜು ನೋಡಿ.

ಹೆಜ್ಜೆ 5: ಕ್ಯಾಲೊರಿಗೆ ಎಷ್ಟು ಪ್ರೊಟೀನ್?

ಒಣ ಲೆಕ್ಕವೂ ಪೂರ್ತಿ ಉತ್ತರ ಕೊಡುವುದಿಲ್ಲ. ಪ್ರಾಣಿ ತಿನ್ನುವುದು ಕ್ಯಾಲೊರಿಗೆ ತಕ್ಕಂತೆ. ಕೊಬ್ಬು ಜಾಸ್ತಿ ಇರುವ ಆಹಾರವನ್ನು ಕಡಿಮೆ ಹಾಕುತ್ತೀರಿ. ಹಾಗಾಗಿ ಪ್ರೊಟೀನೂ ಕಡಿಮೆ ಹೋಗುತ್ತದೆ. ಅದಕ್ಕೇ 1000 ಕ್ಯಾಲೊರಿಗೆ ಎಷ್ಟು ಗ್ರಾಂ ಪ್ರೊಟೀನ್ ಅಂತ ನೋಡುವುದು ಹೆಚ್ಚು ಸರಿ.

ಚೀಲದ ಮೇಲೆ ಕ್ಯಾಲೊರಿ ಬರೆದಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ನಾವೇ ಅಂದಾಜು ಮಾಡಬಹುದು. ಮೊದಲು ಪಿಷ್ಟ ಎಷ್ಟು ಅಂತ ಹಿಡಿಯಬೇಕು. ಅದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ನೂರರಿಂದ ಪ್ರೊಟೀನ್, ಕೊಬ್ಬು, ನಾರು, ತೇವಾಂಶ, ಬೂದಿ ಎಲ್ಲ ಕಳೆದರೆ ಉಳಿದದ್ದೇ ಪಿಷ್ಟ. ಬೂದಿ ಬರೆಯದಿದ್ದರೆ ಡ್ರೈ ಫುಡ್‌ಗೆ 8, ಗ್ರೇವಿಗೆ 2 ಅಂತ ಹಿಡಿಯಿರಿ.

ನನ್ನ ಚೀಲ: ಪ್ರೊಟೀನ್ 22, ಕೊಬ್ಬು 10, ನಾರು 5, ತೇವಾಂಶ 12, ಬೂದಿ 8. ಒಟ್ಟು 57. ಪಿಷ್ಟ 43.

ಈಗ ಪ್ರೊಟೀನ್ ಮತ್ತು ಪಿಷ್ಟಕ್ಕೆ ಗ್ರಾಂಗೆ 3.5 ಕ್ಯಾಲೊರಿ, ಕೊಬ್ಬಿಗೆ 8.5. ಸಾಕುಪ್ರಾಣಿಗಳ ಆಹಾರಕ್ಕೆ ಅಂತಲೇ ಇಟ್ಟುಕೊಂಡಿರುವ ಅಂಕಿಗಳಿವು. 22ಕ್ಕೆ 77. 10ಕ್ಕೆ 85. 43ಕ್ಕೆ 150. ಒಟ್ಟು 100 ಗ್ರಾಂಗೆ ಸುಮಾರು 312 ಕ್ಯಾಲೊರಿ. ಕನಿಷ್ಠ, ಗರಿಷ್ಠ ಅಂಕಿಗಳಿಂದ ಮಾಡಿದ ಲೆಕ್ಕವಾದ್ದರಿಂದ ನಿಜವಾದದ್ದು ಸ್ವಲ್ಪ ಜಾಸ್ತಿ ಇರಬಹುದು. 312 ಕ್ಯಾಲೊರಿಗೆ 22 ಗ್ರಾಂ ಪ್ರೊಟೀನ್ ಅಂದರೆ 1000 ಕ್ಯಾಲೊರಿಗೆ 70 ಗ್ರಾಂ.

ಪೌಚ್: ಪ್ರೊಟೀನ್ 8, ಕೊಬ್ಬು 3, ನಾರು 1, ತೇವಾಂಶ 82, ಬೂದಿ 2. ಪಿಷ್ಟ 4. ಕ್ಯಾಲೊರಿ 67. 1000 ಕ್ಯಾಲೊರಿಗೆ ಸುಮಾರು 118 ಗ್ರಾಂ ಪ್ರೊಟೀನ್.

ಬೆಳೆದ ನಾಯಿಗೆ ಬೇಕಾದ ಕನಿಷ್ಠ 45 ಗ್ರಾಂ. ಮರಿಗೆ ಸುಮಾರು 56. ಬೆಳೆದ ಬೆಕ್ಕಿಗೆ 65, ಬೆಕ್ಕಿನ ಮರಿಗೆ 75. ಅಲ್ಲಿಗೆ ನನ್ನ ಚೀಲವೂ ಪೌಚೂ ಎರಡೂ ಪ್ರೊಟೀನಿನ ಮಟ್ಟಿಗೆ ಕೆಂಚಿಗೆ ಸಾಕು.

ಈ ಲೆಕ್ಕ ಕಲಿತ ಮೇಲೆ ನಾನು ಮಾಡಿದ ಮೊದಲ ಕೆಲಸ ಮೊಸರನ್ನವನ್ನು ಅಳೆದದ್ದು. ನಮ್ಮ ಎಷ್ಟು ಮನೆಗಳಲ್ಲಿ ನಾಯಿಗೆ ದಿನವೂ ಮೊಸರನ್ನವೇ ಊಟ! ಬೇಸಿಗೆಯಲ್ಲಂತೂ ತಂಪು ಅಂತ ಎರಡು ಹೊತ್ತೂ ಅದೇ. ತಕ್ಕಡಿ ಮೇಲೆ ಬಟ್ಟಲು ಇಟ್ಟು 100 ಗ್ರಾಂ ಅನ್ನ, 100 ಗ್ರಾಂ ಮೊಸರು ಹಾಕಿದೆ. ಅನ್ನದಲ್ಲಿ ಸುಮಾರು 130 ಕ್ಯಾಲೊರಿ, 2.7 ಗ್ರಾಂ ಪ್ರೊಟೀನ್. ಮೊಸರಿನಲ್ಲಿ 60 ಕ್ಯಾಲೊರಿ, 3.1 ಗ್ರಾಂ. ಒಟ್ಟು 190 ಕ್ಯಾಲೊರಿಗೆ 5.8 ಗ್ರಾಂ. ಅಂದರೆ 1000 ಕ್ಯಾಲೊರಿಗೆ 30 ಗ್ರಾಂ. 45ರ ಗೆರೆಗೆ ಎಷ್ಟೋ ಕೆಳಗೆ. ರಾಗಿ ಮುದ್ದೆ ಬರೀ ಮುದ್ದೆಯಾಗಿ ಕೊಟ್ಟರೆ ಇನ್ನೂ ಕಡಿಮೆ, 22ರ ಆಸುಪಾಸು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಪ್ರೊಟೀನ್ ಕಡಿಮೆ.

ಅದೇ ಮೊಸರನ್ನದ ಬಟ್ಟಲಿಗೆ ಒಂದು ಬೇಯಿಸಿದ ಮೊಟ್ಟೆ ಹಿಸುಕಿ ಹಾಕಿ. 75 ಕ್ಯಾಲೊರಿ, 6.3 ಗ್ರಾಂ ಪ್ರೊಟೀನ್ ಸೇರಿತು. ಈಗ 265 ಕ್ಯಾಲೊರಿಗೆ 12.1 ಗ್ರಾಂ. 1000ಕ್ಕೆ ಲೆಕ್ಕ ಹಾಕಿದರೆ 45 ದಾಟುತ್ತದೆ. ಒಂದೇ ಒಂದು ಮೊಟ್ಟೆ! ಆದರೆ ಪ್ರೊಟೀನ್ ಸಾಕಾಯಿತು ಅಂದ ಮಾತ್ರಕ್ಕೆ ಅದು ಪೂರ್ಣ ಆಹಾರ ಆಗುವುದಿಲ್ಲ. ಸತು, ತಾಮ್ರ, ವಿಟಮಿನ್ ಡಿ, ಇ ಎಲ್ಲ ಬಾಕಿ. ಅದಕ್ಕೇ ಎರಡನೇ ಹೆಜ್ಜೆಯ ಸಾಲು ಮುಖ್ಯ ಅಂದದ್ದು. ಮನೆ ಊಟವನ್ನೇ ಹಾಕುವವರು ಪಶುವೈದ್ಯರ ಹತ್ತಿರ ಕೂತು ಪಟ್ಟಿ ಬರೆಸಿಕೊಳ್ಳಿ.

ಹೆಜ್ಜೆ 6: ನಿಮ್ಮ ಪ್ರಾಣಿಗೆ ದಿನಕ್ಕೆ ಎಷ್ಟು?

ತೂಕದ ಅಂಕಿಯನ್ನು ಮೂರು ಸಲ ಗುಣಿಸಿ. 18 × 18 × 18, ಬಂದದ್ದು 5832. ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ. 8.74 ಬರುತ್ತದೆ. ಅದನ್ನು 70ರಿಂದ ಗುಣಿಸಿ. 612. ಸುಮ್ನೆ ಮಲಗಿದ್ದರೂ ಕೆಂಚಿಗೆ ಬೇಕಾದ ಕ್ಯಾಲೊರಿ ಇದು. ಮರಿ ಆಗದಂತೆ ಆಪರೇಷನ್ ಆಗಿರುವ ಬೆಳೆದ ನಾಯಿಗೆ ಇದನ್ನು 1.6ರಿಂದ ಗುಣಿಸಬೇಕು. 979 ಆಯಿತು. ಇದು ಶುರು ಮಾಡುವ ಅಂಕಿ. ಎರಡು ವಾರಕ್ಕೊಮ್ಮೆ ತೂಕ ನೋಡಿ ಹೆಚ್ಚು ಕಡಿಮೆ ಮಾಡಿ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು.

ಚೀಲದ ಆಹಾರ 100 ಗ್ರಾಂಗೆ 312 ಕ್ಯಾಲೊರಿ. ಕೆಂಚಿಗೆ ದಿನಕ್ಕೆ ಸುಮಾರು 315 ಗ್ರಾಂ ಬೇಕು. ಅದರಲ್ಲಿ 69 ಗ್ರಾಂ ಪ್ರೊಟೀನ್. ಅವಳಿಗೆ ಬೇಕಾದ ಕನಿಷ್ಠ 44. ಸಾಕಷ್ಟಾಯಿತು.

ಪೌಚ್? 100 ಗ್ರಾಂಗೆ 67 ಕ್ಯಾಲೊರಿ. 979 ಕ್ಯಾಲೊರಿಗೆ ಸುಮಾರು 1450 ಗ್ರಾಂ. 80 ಗ್ರಾಂನ ಪೌಚ್ 18 ಬೇಕು. ದಿನಕ್ಕೆ ಹದಿನೆಂಟು! ಒಂದು ಪೌಚಿನ ಬೆಲೆ ನೋಡಿಕೊಂಡು ನೀವೇ ಗುಣಿಸಿ. ಒಣ ಲೆಕ್ಕದಲ್ಲಿ 44% ಇದ್ದರೂ ನಾನು ಪೌಚ್ ತರದಿರುವುದು ಇದಕ್ಕೆ. ಒಂದು ಪೌಚನ್ನು ಡ್ರೈ ಫುಡ್ ಮೇಲೆ ಸುರಿದರೆ ರುಚಿಯೂ ನೀರೂ ಸೇರುತ್ತದೆ. ಅಷ್ಟಕ್ಕೆ ಅದು ಒಳ್ಳೆಯದೇ.

ಚೀಲದ ಹಿಂದಿನ ‘ಫೀಡಿಂಗ್ ಗೈಡ್’ ಒಂದು ಅಂದಾಜು ಮಾತ್ರ. ಕಪ್ಪಿನಲ್ಲಿ ಅಳೆಯಬೇಡಿ. ಒಬ್ಬೊಬ್ಬರ ಮನೆಯ ಕಪ್ಪು ಒಂದೊಂದು ಸೈಜು. ತಕ್ಕಡಿ ಬಳಸಿ.

ಹೆಜ್ಜೆ 7: ಪದಾರ್ಥಗಳ ಪಟ್ಟಿ ಓದಿ

ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು ಬರುತ್ತದೆ. ಆದರೆ ಆ ತೂಕ ಬೇಯಿಸುವ ಮೊದಲಿನದು. ಹಸಿ ಕೋಳಿಯಲ್ಲಿ ಸುಮಾರು 70% ನೀರು. 30 ಕೆಜಿ ಕೋಳಿ ಹಾಕಿದರೆ ಒಣಗಿದ ಮೇಲೆ ಉಳಿಯುವುದು 9 ಕೆಜಿ. ಅದರ ನಂತರ ಬರೆದ 25 ಕೆಜಿ ಮೆಕ್ಕೆಜೋಳದಲ್ಲಿ 22 ಕೆಜಿ ಹಾಗೇ ಉಳಿಯುತ್ತದೆ. ಪಟ್ಟಿಯಲ್ಲಿ ಕೋಳಿ ಮೊದಲು, ಚೀಲದೊಳಗೆ ಮೆಕ್ಕೆಜೋಳ ಮೊದಲು.

‘ಚಿಕನ್ ಮೀಲ್’ ಅಂದರೆ ನೀರು, ಕೊಬ್ಬು ತೆಗೆದು ಪುಡಿ ಮಾಡಿದ ಕೋಳಿ. ಆ ಹೆಸರು ಕೇಳಿ ಮುಖ ಸಿಂಡರಿಸುವವರಿದ್ದಾರೆ. ಆದರೆ ತೂಕಕ್ಕೆ ತೂಕ ಹಸಿ ಕೋಳಿಗಿಂತ ಅದರಲ್ಲಿ ಪ್ರೊಟೀನ್ ಬಹಳ ಜಾಸ್ತಿ. ‘ಬೈ-ಪ್ರಾಡಕ್ಟ್’ ಪದಕ್ಕೂ ಹೆದರಬೇಕಿಲ್ಲ. ಲಿವರ್, ಶ್ವಾಸಕೋಶ ಎಲ್ಲ ಅದರಲ್ಲಿ ಸೇರುತ್ತವೆ. ಬೋಟಿ ಗೊಜ್ಜು, ಲಿವರ್ ಫ್ರೈ ಚಪ್ಪರಿಸುವ ನಾವು ನಾಯಿಗೆ ಅದು ಕೀಳು ಅನ್ನುವುದು ಸರಿಯಲ್ಲ. ನಾನು ನೋಡುವುದು ಒಂದನ್ನೇ. ಪ್ರಾಣಿಯ ಹೆಸರಿದೆಯಾ? ‘ಚಿಕನ್ ಮೀಲ್’ ಅಂತಿದ್ದರೆ ಗೊತ್ತಾಗುತ್ತದೆ. ಬರೀ ‘ಮೀಟ್ ಆಂಡ್ ಮೀಟ್ ಬೈ-ಪ್ರಾಡಕ್ಟ್ಸ್’ ಅಂತಿದ್ದರೆ ಯಾವ ಮಾಂಸ ಅಂತ ಗೊತ್ತಾಗುವುದಿಲ್ಲ. ಅಲರ್ಜಿ ಇರುವ ನಾಯಿಗೆ ಇದರಿಂದ ನಿಜವಾದ ತೊಂದರೆ.

ಮೆಕ್ಕೆಜೋಳದ ಗ್ಲುಟೆನ್ ಮೀಲ್, ಸೋಯಾ ಮೀಲ್ ಇದ್ದರೆ 22ರಲ್ಲಿ ಒಂದು ಪಾಲು ಅಲ್ಲಿಂದ ಬಂದಿರುತ್ತದೆ. ಮೆಕ್ಕೆಜೋಳದ ಗ್ಲುಟೆನ್ ಮೀಲ್‌ನಲ್ಲಿ ಸುಮಾರು 60% ಪ್ರೊಟೀನ್ ಇದೆ. ಅದು ಕೆಟ್ಟದ್ದು ಅಂತ ಅಲ್ಲ. ನಾಯಿಗೆ ಊಟದಿಂದಲೇ ಸಿಗಬೇಕಾದ ಅಮೈನೊ ಆಮ್ಲಗಳು ಹತ್ತು. ಮೆಕ್ಕೆಜೋಳದಲ್ಲಿ ಲೈಸೀನ್ ಕಡಿಮೆ, ಸೋಯಾದಲ್ಲಿ ಮಿಥಿಯೊನೀನ್ ಕಡಿಮೆ. ಎರಡನ್ನೂ ಸೇರಿಸಿ, ಕಡಿಮೆ ಬಿದ್ದದ್ದನ್ನು ಬೇರೆ ಹಾಕಿದರೆ ಸರಿಹೋಗುತ್ತದೆ. ಬೇಳೆಯೂ ಅನ್ನವೂ ಜೊತೆಗೂಡಿದ ಹಾಗೆ. ಸಸ್ಯಾಹಾರಿ ಮನೆಯವರು ನಾಯಿಗೆ ಚೆನ್ನಾಗಿ ತಯಾರಿಸಿದ ಕಂಪ್ಲೀಟ್ ಸಸ್ಯಾಹಾರವನ್ನು ಡಾಕ್ಟರ್ ಕಣ್ಣಳತೆಯಲ್ಲಿ ಕೊಡಬಹುದು.

ಬೆಕ್ಕಿನ ಮಾತು ಬೇರೆ

ಬೆಕ್ಕಿಗೆ ಮಾತ್ರ ಸಸ್ಯಾಹಾರ ಆಗದು. ಬೆಕ್ಕು ಮಾಂಸವನ್ನೇ ನಂಬಿದ ಪ್ರಾಣಿ. ಟಾರೀನ್ ಅನ್ನುವ ಪದಾರ್ಥವನ್ನು ನಾಯಿ ತನ್ನ ದೇಹದಲ್ಲೇ ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಬೇಕಾದಷ್ಟು ಮಾಡಿಕೊಳ್ಳಲು ಬರುವುದಿಲ್ಲ. ಅದು ಸಿಗುವುದು ಮಾಂಸ, ಮೀನಿನಲ್ಲಿ. ಗಿಡಗಳಲ್ಲಿ ಇಲ್ಲ. ಕಡಿಮೆಯಾದರೆ ಕಣ್ಣೂ ಕೆಡುತ್ತದೆ, ಹೃದಯವೂ ಕೆಡುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಜೊತೆಗಾರರು, ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರೀನ್ ಕಡಿಮೆ ಇದೆ, ಅದನ್ನು ಕೊಟ್ಟರೆ ಚೇತರಿಸಿಕೊಳ್ಳುತ್ತವೆ ಅಂತ ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಅಂಗಡಿಯ ಆಹಾರವೇ. ಆಮೇಲೆ ತಯಾರಕರು ಟಾರೀನ್ ಜಾಸ್ತಿ ಮಾಡಿದರು.

ಹಾಗಾಗಿ ಬೆಕ್ಕಿನ ಪೊಟ್ಟಣದಲ್ಲಿ ಪ್ರೊಟೀನ್ ಜೊತೆಗೆ ಟಾರೀನ್ ಹುಡುಕಿ. ಒಣ ಲೆಕ್ಕದಲ್ಲಿ ಡ್ರೈ ಫುಡ್‌ಗೆ ಕನಿಷ್ಠ 0.1%, ಡಬ್ಬಿಯದಕ್ಕೆ 0.2%. ನಾಯಿಯ ಆಹಾರವನ್ನು ಬೆಕ್ಕಿಗೆ ದಿನವೂ ಹಾಕಬೇಡಿ. ಹಾಲು, ಅನ್ನದ ಮೇಲೆ ಬೆಕ್ಕು ಬದುಕುತ್ತದೆ ಅಂತ ನಮ್ಮ ಹಳ್ಳಿಗಳಲ್ಲಿ ಅಂದುಕೊಂಡಿದ್ದೇವೆ. ಅದು ಬದುಕಿದ್ದು ಕಣಜದ ಇಲಿಯಿಂದ. ಫ್ಲ್ಯಾಟಿನಲ್ಲಿ ಸಾಕಿದ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು?

ಕಾಯಿಲೆ ಇದ್ದರೆ

ಆರೋಗ್ಯವಾಗಿರುವ ನಾಯಿಗೆ ಪ್ರೊಟೀನ್ ಜಾಸ್ತಿಯಾದರೆ ಕಿಡ್ನಿ ಹೋಗುತ್ತದೆ ಅನ್ನುವ ಮಾತು ಚಾಲ್ತಿಯಲ್ಲಿದೆ. ಅದಕ್ಕೆ ಆಧಾರವಿಲ್ಲ. ವಯಸ್ಸಾದ ನಾಯಿಗೆ ಸುಮ್ಮನೆ ಪ್ರೊಟೀನ್ ಇಳಿಸಿದರೆ ಸ್ನಾಯು ಕರಗುತ್ತದೆ. ಆದರೆ ಈಗಾಗಲೇ ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದರೆ ಲೇಬಲ್ ನೋಡಿ ನೀವೇ ಆರಿಸಬೇಡಿ. ರಂಜಕವೂ ನೋಡಬೇಕು, ರಕ್ತ ಪರೀಕ್ಷೆಯೂ ಬೇಕು. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಿಗೋ, ಹತ್ತಿರದ ಪಶು ಆಸ್ಪತ್ರೆಗೋ ಹೋಗಿ.

ಹೆಜ್ಜೆ 8: ಫೋನ್ ಮಾಡಿ

ಚೀಲದ ಮೇಲಿನ ಗ್ರಾಹಕ ನಂಬರಿಗೆ ಕರೆ ಮಾಡಿ ಮೂರು ಪ್ರಶ್ನೆ ಕೇಳಿ. 100 ಗ್ರಾಂಗೆ ಎಷ್ಟು ಕ್ಯಾಲೊರಿ? ಕನಿಷ್ಠ ಅಂಕಿ ಬಿಟ್ಟು ಸರಾಸರಿ ಪ್ರೊಟೀನ್, ಬೂದಿ, ಕ್ಯಾಲ್ಸಿಯಂ ಎಷ್ಟು? ಆಹಾರದ ಸೂತ್ರ ಬರೆದವರು ಪಶು ಪೋಷಣೆ ಓದಿದವರಾ? ನಾನು ಒಂದು ಕಡೆ ಕೇಳಿದಾಗ ಮೂರು ದಿನದಲ್ಲಿ ಪೂರ್ತಿ ಪಟ್ಟಿ ಕಳಿಸಿದರು. ಇನ್ನೊಂದು ಕಡೆ “ಅದು ಕಂಪನಿ ಗುಟ್ಟು” ಅಂದರು. ಕ್ಯಾಲೊರಿ ಹೇಳಲಾಗದವರ ಆಹಾರವನ್ನು ನಾನು ತರುವುದಿಲ್ಲ.

ಬಿಡಿ ಆಹಾರ ಮತ್ತು ಹಳೆ ಚೀಲ

ನಮ್ಮ ಊರುಗಳಲ್ಲಿ ಯಾವ ಕಂಪನಿಯದ್ದಾದರೂ ‘ಪೆಡಿಗ್ರಿ ಕೊಡಿ’ ಅಂತಲೇ ಕೇಳುತ್ತಾರೆ. ಅಂಗಡಿಯವರು ದೊಡ್ಡ ಚೀಲದಿಂದ ಅರ್ಧ ಕೆಜಿ ತೆಗೆದು ಪ್ಲಾಸ್ಟಿಕ್ ಕವರಿಗೆ ಕಟ್ಟಿ ಕೊಡುತ್ತಾರೆ. ಕವರಿನ ಮೇಲೆ ಏನೂ ಇರುವುದಿಲ್ಲ. ಹೆಸರಿಲ್ಲ, ತಾರೀಖಿಲ್ಲ, ಮರಿಗೋ ದೊಡ್ಡದಕ್ಕೋ ಗೊತ್ತಿಲ್ಲ. ದುಡ್ಡಿಗೆ ತಕ್ಕ ಹಾಗೆ ಬಿಡಿಯಾಗಿ ತರಲೇಬೇಕಾದರೆ, “ಅಣ್ಣ, ಚೀಲ ಒಂದ್ಸಲ ತೋರ್ಸಿ” ಅಂತ ಕೇಳಿ ಹಿಂಬದಿಯ ಫೋಟೊ ತೆಗೆದುಕೊಳ್ಳಿ. ಚೀಲ ಯಾವತ್ತು ಬಿಚ್ಚಿದ್ದು ಅಂತಲೂ ಕೇಳಿ. ಬಾಯಿ ತೆರೆದಿಟ್ಟ ಚೀಲದಲ್ಲಿ ಕೊಬ್ಬು ಕಮಟು ವಾಸನೆ ಹಿಡಿಯುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿ ಕಡೆ, ಬೂಸ್ಟೂ ಹಿಡಿಯುತ್ತದೆ.

ಮನೆಯಲ್ಲಿ ಡಬ್ಬಕ್ಕೆ ಸುರಿಯಬೇಡಿ. ಚೀಲದ ಸಮೇತ ಡಬ್ಬದೊಳಗೆ ಇಟ್ಟು ಬಾಯಿ ಬಿಗಿಯಾಗಿ ಮಡಚಿ. ಬ್ಯಾಚ್ ನಂಬರ್, ತಾರೀಖು ಎರಡೂ ಉಳಿಯುತ್ತವೆ. ಪ್ರಾಣಿಗೆ ವಾಂತಿ, ಭೇದಿ ಶುರುವಾದರೆ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ “ಏನು ತಿಂದಿದೆ?” ಅಂತ. ಹೊಸ ಆಹಾರಕ್ಕೆ ಬದಲಾಯಿಸುವಾಗ ಒಂದು ವಾರ ತೆಗೆದುಕೊಳ್ಳಿ. ಮೊದಲ ಎರಡು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು.

ಅಮೆರಿಕದಲ್ಲಿರುವವರಿಗೆ ಒಂದು ಮಾತು. 2023ರಲ್ಲಿ ಆಫ್ಕೋ ಹೊಸ ಲೇಬಲ್ ಮಾದರಿಗೆ ಒಪ್ಪಿಗೆ ಕೊಟ್ಟಿದೆ. ಜನರ ಆಹಾರದ ಮೇಲಿರುವಂಥ ಪೋಷಕಾಂಶದ ಚೌಕ, ಕ್ಯಾಲೊರಿ ಸಮೇತ ಬರುತ್ತದೆ. ಹಳೆಯ ಮಾದರಿಯ ಚೀಲಗಳೂ ಕೆಲವು ವರ್ಷ ಜೊತೆಯಲ್ಲೇ ಇರುತ್ತವೆ. ಹಾಗಾಗಿ ಎರಡು ಚೀಲ ಹೋಲಿಸುವಾಗ ಒಂದರಲ್ಲಿ ಕಪ್ಪಿನ ಲೆಕ್ಕ, ಇನ್ನೊಂದರಲ್ಲಿ ನೂರರ ಲೆಕ್ಕ ಇರಬಹುದು. ಎರಡನ್ನೂ 1000 ಕ್ಯಾಲೊರಿಗೆ ತಂದುಕೊಂಡು ಆಮೇಲೆ ಹೋಲಿಸಿ.